ಈಗಲೇ ಫೋನ್ ಮಾಡಬೇಕಾ, ಬೆಳಗಾಗಲಿ ಅಂತ ಕಾಯಬೇಕಾ? ಬಸುರಿಯರಿಗೆ ಒಂದಿಷ್ಟು ಕೆಲಸಕ್ಕೆ ಬರುವ ಮಾತು

ಬಸುರಿಯ ಚಿಂತೆಗಳು ಹಗಲು ಸುಮ್ಮನಿರುತ್ತವೆ. ರಾತ್ರಿ ದೀಪ ಆರಿಸಿ ಮಗ್ಗುಲಾದ ಕೂಡಲೇ ಒಂದೊಂದಾಗಿ ಎದ್ದು ಬರುತ್ತವೆ. ಹೊಟ್ಟೆ ಹೀಗೆ ಎಳೆಯುವುದು ಸಹಜಾನಾ? ಕಾಲು ಇಷ್ಟೊಂದು ಊದಿಕೊಳ್ಳುತ್ತದಾ? ಮಗು ಕೊನೆ ಸಲ ಒದ್ದು ಎಷ್ಟು ಹೊತ್ತಾಯಿತು? ಪಕ್ಕದಲ್ಲಿದ್ದವರು ಗೊರಕೆ ಹೊಡೆಯುತ್ತಿರುತ್ತಾರೆ, ಕೈಗೆ ತಾನಾಗಿ ಫೋನ್ ಬರುತ್ತದೆ, ಹುಡುಕಿದರೆ ಹತ್ತು ಜನ ಹತ್ತು ಥರ ಬರೆದಿರುತ್ತಾರೆ, ಅವರಲ್ಲಿ ಒಬ್ಬರಾದರೂ ಕೈಕಾಲು ತಣ್ಣಗಾಗುವ ಹಾಗೆ ಹೆದರಿಸಿರುತ್ತಾರೆ.

ನನಗೆ ಇಬ್ಬರು ಮಕ್ಕಳು. ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಚಿಂತೆ ಮಾಡುವುದರಲ್ಲಿ ಮಾತ್ರ ಎರಡು ಸಲ ಒಂಬತ್ತೊಂಬತ್ತು ತಿಂಗಳ ಅನುಭವ ಇದೆ. ಮೊದಲನೇ ಸಲ ಬೇಡದ್ದಕ್ಕೆಲ್ಲ ತಲೆ ಕೆಡಿಸಿಕೊಂಡಿದ್ದೇ ಜಾಸ್ತಿ. ತೊಟ್ಟಿಲಿನ ಬಣ್ಣ ಯಾವುದಿರಲಿ ಅಂತ ಒಂದು ವಾರ ಒದ್ದಾಡಿದ್ದೆ, ಅದೇ ಅಂಗೈ ಅಂಗಾಲು ತುರಿಸುತ್ತಿದ್ದದ್ದನ್ನು ನಾಲ್ಕು ದಿನ ಯಾರಿಗೂ ಹೇಳಿರಲಿಲ್ಲ. ಎರಡನೇ ಸಲದ ಹೊತ್ತಿಗೆ ಒಂದು ಬುದ್ಧಿ ಬಂದಿತ್ತು. ಯಾವ ಚಿಂತೆ ಬಂದರೂ ಮೊದಲು ಕೇಳಿಕೊಳ್ಳುವುದು: ಇದು ಬೆಳಗಿನವರೆಗೆ ಕಾಯುತ್ತದಾ? ಕಾಯುತ್ತದೆ ಅಂದರೆ ಪುಸ್ತಕದಲ್ಲಿ ಬರೆದಿಟ್ಟು ಮಲಗುವುದು. ಕಾಯುವುದಿಲ್ಲ ಅಂದರೆ ಫೋನ್ ಎತ್ತುವುದು.

ಮೊದಲು ಒಂದು ನಂಬರ್, ಒಂದು ಬಾಗಿಲು

ಮುಂದಿನ ಚೆಕಪ್‌ಗೆ ಹೋದಾಗ ಎರಡು ಪ್ರಶ್ನೆ ಕೇಳಿಕೊಂಡು ಬನ್ನಿ. ರಾತ್ರಿ ಹೊತ್ತು ಯಾವ ನಂಬರಿಗೆ ಫೋನ್ ಮಾಡಿದರೆ ಯಾರಾದರೂ ಎತ್ತುತ್ತಾರೆ? ರಾತ್ರಿ ಬಂದರೆ ಯಾವ ಬಾಗಿಲಿನಿಂದ ಒಳಗೆ ಬರಬೇಕು? ಎರಡನೇ ಪ್ರಶ್ನೆ ಕೇಳಿದರೆ ನಗಬಹುದು, ನಗಲಿ ಬಿಡಿ. ನಾವು ಮೊದಲ ಹೆರಿಗೆಗೆ ಹೋದಾಗ ದಿನಾ ಹೋಗಿ ಬರುತ್ತಿದ್ದ ಮುಂಬಾಗಿಲಿಗೆ ಬೀಗ ಹಾಕಿತ್ತು. ನೋವು ಬಂದಾಗ ಗೋಡೆ ಹಿಡಿದು ನಿಲ್ಲುತ್ತ, ಹೋದಾಗ ನಡೆಯುತ್ತ, ಆ ಕಟ್ಟಡಕ್ಕೆ ಒಂದು ಸುತ್ತು ಹಾಕಿದ ಮೇಲೆ ಹಿಂದೆ ಎಮರ್ಜೆನ್ಸಿ ಬಾಗಿಲು ಸಿಕ್ಕಿತು.

ನಂಬರನ್ನು ನಿಮ್ಮ ಫೋನಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಮನೆಯವರ ಫೋನಿನಲ್ಲಿರಲಿ, ಫ್ರಿಜ್ ಮೇಲೆ ಒಂದು ಚೀಟಿಯಲ್ಲೂ ಇರಲಿ. ಜೊತೆಗೆ ನಿಮ್ಮ ರಕ್ತದ ಗುಂಪು, ಮಾತ್ರೆಗಳ ಹೆಸರು, ಯಾವುದಾದರೂ ಮದ್ದು ಮೈಗೆ ಒಗ್ಗದಿದ್ದರೆ ಅದು, ಇಷ್ಟನ್ನು ಅದೇ ಚೀಟಿಯಲ್ಲಿ ಬರೆದುಬಿಡಿ. ಅವಸರದಲ್ಲಿ ನಿಮ್ಮ ಪರವಾಗಿ ಬೇರೆಯವರು ಉತ್ತರ ಹೇಳಬೇಕಾಗಿ ಬರಬಹುದು.

ಇವಕ್ಕೆ ಕಾಯಬೇಡಿ

ರಕ್ತ ಹೋದರೆ ಕಾಯಬೇಡಿ. ಸ್ವಲ್ಪ ಕಲೆ ಅಷ್ಟೇ ಅನಿಸಿದರೂ ಒಂದು ಮಾತು ಕೇಳಿ. ಮೊದಲ ತಿಂಗಳುಗಳಲ್ಲಿ ಕಲೆ ಕಾಣಿಸಿಕೊಂಡು ಏನೂ ತೊಂದರೆಯಾಗದೆ ಹೆರಿಗೆಯಾದವರು ಬೇಕಾದಷ್ಟು ಜನ ಇದ್ದಾರೆ, ಆದರೆ ಅದು ಯಾವ ಥರದ್ದು ಅಂತ ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ.

ಇಪ್ಪತ್ತು ವಾರ ದಾಟಿದ ಮೇಲೆ, ಬಿಡದ ತಲೆನೋವು, ಕಣ್ಣ ಮುಂದೆ ಮಿಂಚು ಹೊಳೆದ ಹಾಗೆ ಅಥವಾ ಮಂಜು ಮಂಜಾಗಿ ಕಾಣುವುದು, ಪಕ್ಕೆಲುಬಿನ ಕೆಳಗೆ ಜೋರು ನೋವು, ಮುಖ ಮತ್ತು ಕೈ ಇದ್ದಕ್ಕಿದ್ದಂತೆ ಊದಿಕೊಳ್ಳುವುದು, ಇವು ಬಿಪಿ ಏರಿರುವುದರ ಸೂಚನೆ ಇರಬಹುದು. ಪ್ರಿಎಕ್ಲಾಂಪ್ಸಿಯಾ ಅನ್ನುವುದು ಇದನ್ನೇ. ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ 140/90 ಅಥವಾ ಅದಕ್ಕಿಂತ ಮೇಲೆ ತೋರಿಸಿದರೆ ಆ ಹೊತ್ತಿಗೇ ಹೇಳಬೇಕು. ಸಂಜೆಗೆ ಪಾದ ಊದುವುದು ಬೇರೆ ವಿಷಯ. ಅದು ಸುಮಾರು ಎಲ್ಲರಿಗೂ ಆಗುತ್ತದೆ, ಕಾಲು ಎತ್ತರಕ್ಕಿಟ್ಟು ಮಲಗಿದರೆ ಬೆಳಗ್ಗೆ ಇಳಿದಿರುತ್ತದೆ. ಬೆಳಗ್ಗೆ ಎದ್ದಾಗಲೇ ಉಂಗುರ ತೆಗೆಯಲು ಬರದ ಹಾಗೆ ಬೆರಳು ಊದಿದ್ದರೆ, ಕಣ್ಣಿನ ಸುತ್ತ ಉಬ್ಬಿದ್ದರೆ, ಅದನ್ನು ಸಂಜೆಯ ಊತದ ಜೊತೆ ಸೇರಿಸಬೇಡಿ.

ಅಂಗೈ ಅಂಗಾಲು ತುರಿಕೆ, ಗುಳ್ಳೆ ಏನೂ ಇಲ್ಲದೆ, ರಾತ್ರಿ ಜಾಸ್ತಿಯಾಗುವಂಥದ್ದು ಕೊನೆಯ ಮೂರು ತಿಂಗಳಲ್ಲಿ ಬಂದರೆ ಪಿತ್ತಜನಕಾಂಗದ ಒಂದು ತೊಂದರೆ ಇರಬಹುದು. ರಕ್ತ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ನನಗೆ ಏನೂ ಇರಲಿಲ್ಲ, ಆದರೆ ನಾಲ್ಕು ದಿನ ಸುಮ್ಮನಿದ್ದೆ ಅಂದಾಗ ಡಾಕ್ಟರ್ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಒಂದು ದಿನ ಪೂರ್ತಿ ನೀರೂ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿ. ಜ್ವರ. ಉರಿಮೂತ್ರ, ಅದು ಸಣ್ಣದು ಅನಿಸುತ್ತದೆ, ಬಸುರಿಯಲ್ಲಿ ಬೇಗ ಮೂತ್ರಪಿಂಡಕ್ಕೆ ಏರಿಬಿಡಬಹುದು. ಒಂದೇ ಕಾಲಿನ ಮೀನಖಂಡ ನೋವು, ಬಿಸಿ, ಊತ. 37 ವಾರಕ್ಕೆ ಮೊದಲೇ ನೋವು ಬಿಟ್ಟು ಬಿಟ್ಟು ಬರುವುದು, ನೀರು ಹೋಗುವುದು. ಬಿದ್ದು ಹೊಟ್ಟೆಗೆ ಪೆಟ್ಟಾಗುವುದು. ಇವೆಲ್ಲ ಅದೇ ದಿನ, ಅದೇ ಹೊತ್ತಿನವು.

ಮಗುವಿನ ಓಡಾಟ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದರ ಬಗ್ಗೆ ತಪ್ಪು ಮಾತುಗಳು ಜಾಸ್ತಿ ಓಡಾಡುತ್ತವೆ.

ಮೊದಲ ಓಡಾಟ 16ರಿಂದ 24 ವಾರದೊಳಗೆ ಗೊತ್ತಾಗುತ್ತದೆ. ಚೊಚ್ಚಲ ಬಸುರಿಯಾದರೆ 20 ವಾರ ದಾಟಿದರೂ ಆಶ್ಚರ್ಯ ಇಲ್ಲ. ಮೊದಮೊದಲು ಒದೆತ ಅಂತಲೇ ಅನಿಸುವುದಿಲ್ಲ, ಹೊಟ್ಟೆಯೊಳಗೆ ಗುಳ್ಳೆ ಒಡೆದ ಹಾಗೆ, ಗ್ಯಾಸ್ ಇರಬೇಕು ಅಂದುಕೊಂಡು ಬಿಡುತ್ತೇವೆ. 28 ವಾರದ ಹೊತ್ತಿಗೆ ಪ್ರತಿ ಮಗುವಿಗೂ ಅದರದ್ದೇ ಒಂದು ದಿನಚರಿ ಬಂದಿರುತ್ತದೆ. ನನ್ನ ಮೊದಲನೆಯವಳಿಗೆ ರಾತ್ರಿ ಊಟವಾಗಿ ನಾನು ಒರಗಿದ ಕೂಡಲೇ ಬಲಗಡೆ ಪಕ್ಕೆಗೆ ಹಿಮ್ಮಡಿ ಒತ್ತಬೇಕಿತ್ತು. ಎರಡನೆಯವನು ಬೆಳಗಿನ ಜಾವದವನು.

ಕೆಲವು ಡಾಕ್ಟರು ಎರಡು ಗಂಟೆಯಲ್ಲಿ ಹತ್ತು ಸಲ ಎಣಿಸಿ ಅನ್ನುತ್ತಾರೆ, ಕೆಲವರು ಎಣಿಕೆ ಬೇಡ, ನಿಮ್ಮ ಮಗುವಿನ ರೂಢಿ ಗೊತ್ತಿದ್ದರೆ ಸಾಕು ಅನ್ನುತ್ತಾರೆ. ನಿಮ್ಮವರು ಹೇಳಿದ್ದನ್ನು ಮಾಡಿ. ಎಣಿಸಿದರೂ ಎಣಿಸದಿದ್ದರೂ, ದಿನಾ ಇದ್ದದ್ದಕ್ಕಿಂತ ಕಡಿಮೆ ಅನಿಸಿದರೆ ಆಗಲೇ ಫೋನ್ ಮಾಡಬೇಕು. "ತಿಂಗಳು ತುಂಬುತ್ತ ಬಂತಲ್ಲ, ಜಾಗ ಇಲ್ಲ, ಅದಕ್ಕೇ ಸುಮ್ಮನಿದೆ" ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದೇ ಬೀಳುತ್ತದೆ. ಅದು ತಪ್ಪು. ಹೊರಳುವ ರೀತಿ ಬದಲಾಗಬಹುದು, ಓಡಾಟ ಹೆರಿಗೆ ನೋವು ಬರುವವರೆಗೂ ಇರಬೇಕು. ಇನ್ನೊಂದು, ಮನೆಯಲ್ಲಿ ಎದೆಬಡಿತ ಕೇಳಿಸುವ ಪುಟ್ಟ ಮೆಷಿನ್ ತಂದಿಟ್ಟುಕೊಂಡು "ಕೇಳಿಸ್ತಾ ಇದೆ, ಸರಿ ಇದೆ" ಅಂತ ಸಮಾಧಾನ ಮಾಡಿಕೊಳ್ಳುವುದು. ಅದರಲ್ಲಿ ಕೇಳುವುದು ನಿಮ್ಮದೇ ರಕ್ತದ ಸದ್ದೂ ಇರಬಹುದು. ಬಡಿತ ಇದೆ ಅಂದ ಮಾತ್ರಕ್ಕೆ ಮಗು ಚೆನ್ನಾಗಿದೆ ಅಂತಲೂ ಅಲ್ಲ.

34ನೇ ವಾರದಲ್ಲಿ ಒಂದು ಸಂಜೆ ಬಟ್ಟೆ ಮಡಿಸುತ್ತಿದ್ದಾಗ ನನಗೆ ಇದ್ದಕ್ಕಿದ್ದಂತೆ ಹೊಳೆಯಿತು, ಮಧ್ಯಾಹ್ನದಿಂದ ಹಿಮ್ಮಡಿ ಬಂದಿಲ್ಲ. ಮಲಗಿ ನೋಡಿದೆ. ಬರಲಿಲ್ಲ. ಗಂಡ "ಬೆಳಗ್ಗೆ ಹೋಗೋಣ್ವಾ?" ಅಂದರು, ಪಾಪ, ನನ್ನನ್ನು ಹೆದರಿಸಬಾರದು ಅಂತ. ನನಗೂ ಸುಮ್ನೆ ಹೋಗಿ ನಗೆಪಾಟಲಾಗುವ ಅಂಜಿಕೆ. ಕೊನೆಗೆ ಹೋದೆವು. ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿದರು, ಕಾಗದದ ಮೇಲೆ ಗೆರೆ ಏರಿಳಿಯತೊಡಗಿತು, ಇಪ್ಪತ್ತು ನಿಮಿಷಕ್ಕೆ ಮಹಾರಾಯಿತಿ ಆ ಬೆಲ್ಟಿಗೇ ಒದ್ದಳು. ನಾನು ಕ್ಷಮೆ ಕೇಳಿದ್ದಕ್ಕೆ ನರ್ಸಮ್ಮ ಬೆಲ್ಟ್ ಬಿಚ್ಚುತ್ತ, "ನಾಳೆ ಮತ್ತೆ ಹೀಗೇ ಅನಿಸಿದರೆ ನಾಳೆಯೂ ಬನ್ನಿ" ಅಂದರು. ಎರಡನೇ ಸಲ ಹೋಗುವುದಕ್ಕೆ ಸಂಕೋಚ ಬೇಡ ಅನ್ನುವುದನ್ನು ಅಲ್ಲಿಂದ ಕಲಿತೆ.

ಬೆಳಗಿನವರೆಗೆ ಕಾಯುವಂಥವು

ವಾಕರಿಕೆ ಹೆಚ್ಚಿನವರಿಗೆ 16ರಿಂದ 20 ವಾರದೊಳಗೆ ಇಳಿಯುತ್ತದೆ. ಹೊಟ್ಟೆ ಖಾಲಿ ಬಿಟ್ಟಷ್ಟೂ ಜಾಸ್ತಿ, ಅದಕ್ಕೆ ಹಾಸಿಗೆ ಪಕ್ಕದಲ್ಲೇ ಒಣ ತಿಂಡಿ ಏನಾದರೂ ಇಟ್ಟುಕೊಂಡು ಏಳುವ ಮೊದಲೇ ಎರಡು ತುತ್ತು ತಿನ್ನಿ. ಎದೆಯುರಿಗೆ ಸ್ವಲ್ಪ ಸ್ವಲ್ಪ ಊಟ, ಊಟವಾದ ಕೂಡಲೇ ಮಲಗದೇ ಇರುವುದು, ತಲೆಕಡೆ ಎತ್ತರ ಮಾಡಿಕೊಳ್ಳುವುದು. ಅದಕ್ಕೂ ಬಗ್ಗದಿದ್ದರೆ ಬಸುರಿಯರು ತೆಗೆದುಕೊಳ್ಳಬಹುದಾದ ಮದ್ದು ಇದೆ, ಕೇಳಿ ತೆಗೆದುಕೊಳ್ಳಿ, ಹಲ್ಲು ಕಚ್ಚಿ ಸಹಿಸಿಕೊಂಡರೆ ಯಾರೂ ಬಹುಮಾನ ಕೊಡುವುದಿಲ್ಲ.

ಕಬ್ಬಿಣದ ಮಾತ್ರೆ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ ನೋಡಿ, ಮಲ ಕಪ್ಪಗೆ ಹೋಗುತ್ತದೆ. ನಾನು ಮೊದಲ ದಿನ ನೋಡಿ ಬೆವತುಹೋಗಿದ್ದೆ. ಅದು ಮಾತ್ರೆಯ ಬಣ್ಣ ಅಷ್ಟೇ. ಈ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ತೆಗೆದುಕೊಂಡರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ಕ್ಯಾಲ್ಸಿಯಂ ಮಾತ್ರೆ ಜೊತೆ ನುಂಗಿದರೂ ಅಷ್ಟೇ. ಎರಡರ ನಡುವೆ ಕೆಲವು ಗಂಟೆ ಬಿಡಿ. ಕಿತ್ತಳೆ ಅಥವಾ ನಿಂಬೆರಸದ ಜೊತೆ ತೆಗೆದುಕೊಂಡರೆ ಒಳ್ಳೆಯದು. ಮಲಬದ್ಧತೆ ಜಾಸ್ತಿಯಾದರೆ ಮಾತ್ರೆ ನಿಲ್ಲಿಸಿ ಸುಮ್ಮನಾಗಬೇಡಿ, ಬೇರೆ ಥರದ ಮಾತ್ರೆ ಇರುತ್ತದೆ, ಕೇಳಿ ಬದಲಿಸಿಕೊಳ್ಳಿ. ಕಾಫಿ ಪೂರ್ತಿ ಬಿಡಬೇಕಿಲ್ಲ, ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಒಳಗಿರಲಿ ಅನ್ನುತ್ತಾರೆ, ಅಂದರೆ ಸುಮಾರಾಗಿ ಎರಡು ಕಪ್, ಟೀಯನ್ನೂ ಆ ಲೆಕ್ಕಕ್ಕೇ ಸೇರಿಸಿಕೊಳ್ಳಿ. ನೋವಿಗೆ ಅಂತ ಮನೆಯಲ್ಲಿದ್ದ ಐಬುಪ್ರೊಫೇನ್ ನುಂಗಬೇಡಿ, ಯಾವ ಮಾತ್ರೆಯಾದರೂ ಕೇಳಿಯೇ ತೆಗೆದುಕೊಳ್ಳಿ.

ಮಲಗುವುದು. 28 ವಾರದ ಮೇಲೆ ಮಗ್ಗುಲಾಗಿ ಮಲಗಿ, ಎಡವೋ ಬಲವೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮಧ್ಯರಾತ್ರಿ ಎಚ್ಚರವಾದಾಗ ಅಂಗಾತ ಮಲಗಿದ್ದರೆ ಗಾಬರಿ ಬೇಡ, ಮಗ್ಗುಲು ಬದಲಿಸಿ ಮತ್ತೆ ಮಲಗಿ. ಮೊಣಕಾಲ ನಡುವೆ ಒಂದು ದಿಂಬು, ಬೆನ್ನಿಗೆ ಒಂದು. ಬಸುರಿಯರದ್ದೇ ಅಂತ ಮಾರುವ ಆ ಹಾವಿನಂಥ ದಿಂಬು ಇದ್ದರೆ ಸಂತೋಷ, ಇಲ್ಲದಿದ್ದರೆ ಮನೆಯ ಹಳೇ ದಿಂಬುಗಳೇ ಸಾಕು.

ಕಾರಿನಲ್ಲಿ ಸೀಟ್ ಬೆಲ್ಟ್ ಹೊಟ್ಟೆಗೆ ಒತ್ತುತ್ತದೆ ಅಂತ ಬಿಡುವವರಿದ್ದಾರೆ, ಬಿಡಬೇಡಿ. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ ಸೊಂಟದ ಮೂಳೆ ಮೇಲೆ ಬರಲಿ, ಮೇಲಿನದು ಎದೆಯ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ ಇಳಿಯಲಿ.

ಹೆರಿಗೆ ದಿನಾಂಕದ ವಿಷಯವೂ ಇದೇ ಗುಂಪಿನದು. ಅದು ಕೊನೆಯ ಮುಟ್ಟಿನ ಮೊದಲ ದಿನದಿಂದ 40 ವಾರ ಲೆಕ್ಕ ಹಾಕಿ ಕೊಟ್ಟ ಅಂದಾಜು. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಅಷ್ಟೇ. ನೆಂಟರಿಗೆ ದಿನಾಂಕ ಹೇಳಬೇಡಿ, "ತಿಂಗಳ ಕೊನೆಗೆ" ಅನ್ನಿ. ಇಲ್ಲದಿದ್ದರೆ ಆ ದಿನ ಬೆಳಗ್ಗೆಯಿಂದ "ಆಯ್ತಾ? ಇನ್ನೂ ಆಗಿಲ್ವಾ?" ಅಂತ ಫೋನ್ ಮೇಲೆ ಫೋನ್ ಬರುತ್ತದೆ, ನಾವೇನೋ ತಡ ಮಾಡುತ್ತಿದ್ದೇವೆ ಅನ್ನುವ ಹಾಗೆ.

ಬ್ಯಾಗ್ ಯಾರು ತುಂಬಬೇಕು

36 ವಾರಕ್ಕೆ ಬ್ಯಾಗ್ ರೆಡಿ ಇರಲಿ. ಅದನ್ನು ನೀವು ತುಂಬಬೇಡಿ. ಆಸ್ಪತ್ರೆಯಲ್ಲಿ ನಿಮ್ಮ ಜೊತೆ ಇರುವವರು ತುಂಬಲಿ, ನೀವು ಕುರ್ಚಿ ಮೇಲೆ ಕೂತು ಹೇಳಿ. ನಾನು ಮೊದಲನೇ ಸಲ ಎಲ್ಲವನ್ನೂ ಚಂದ ಮಡಿಸಿ ಒಂದೇ ದೊಡ್ಡ ಬ್ಯಾಗಿಗೆ ಹಾಕಿದ್ದೆ. ಹೆರಿಗೆಯಾಗಿ ನಾನು ಏಳಲಾಗದೆ ಮಲಗಿದ್ದಾಗ ನರ್ಸ್ ಮಗುವಿನ ಟೋಪಿ ಕೇಳಿದರು. ಗಂಡ ಬ್ಯಾಗನ್ನು ಬುಡಮೇಲು ಮಾಡಿದರು. ನನ್ನ ಒಳ ಉಡುಪು, ಚಾರ್ಜರ್, ಸ್ಕ್ಯಾನ್ ರಿಪೋರ್ಟ್ ಎಲ್ಲ ಆ ವಾರ್ಡಿನ ನೆಲದ ಮೇಲೆ. ಟೋಪಿ ಕಾಲುಚೀಲದೊಳಗೆ ಇತ್ತು, ಜಾಗ ಉಳಿಯಲಿ ಅಂತ ನಾನೇ ತುರುಕಿದ್ದು.

ಎರಡನೇ ಸಲ ಮೂರು ಕವರ್ ಮಾಡಿದೆವು. ಒಂದರಲ್ಲಿ ಫೈಲು, ಗುರುತಿನ ಚೀಟಿ, ವಿಮೆ ಇದ್ದರೆ ಅದರ ಕಾಗದ, ಉದ್ದ ವೈರಿನ ಚಾರ್ಜರ್, ಯಾಕೆಂದರೆ ಪ್ಲಗ್ ಯಾವಾಗಲೂ ಮಂಚದಿಂದ ದೂರವೇ ಇರುತ್ತದೆ. ಇನ್ನೊಂದರಲ್ಲಿ ನಿಮ್ಮದು: ಮುಂದೆ ಬಿಚ್ಚುವ ನೈಟಿ ಎರಡು ಮೂರು, ಹೆರಿಗೆ ನಂತರ ಬಳಸುವ ದೊಡ್ಡ ಪ್ಯಾಡ್ ಎರಡು ಪ್ಯಾಕೆಟ್, ಕಡು ಬಣ್ಣದ ಸಡಿಲ ಒಳ ಉಡುಪು, ಚಪ್ಪಲಿ, ಕೂದಲು ಕಟ್ಟುವ ಬ್ಯಾಂಡ್, ಸ್ಟ್ರಾ ಇರುವ ನೀರಿನ ಬಾಟಲಿ. ಈ ಸ್ಟ್ರಾ ಸಣ್ಣ ವಿಷಯ ಅನಿಸುತ್ತದೆ, ಮಲಗಿದಲ್ಲೇ ನೀರು ಕುಡಿಯಬೇಕಾದಾಗ ಅದರ ಬೆಲೆ ಗೊತ್ತಾಗುತ್ತದೆ. ಮೂರನೆಯದು ಮಗುವಿನದು: ನಾಲ್ಕೈದು ಜೊತೆ ಬಟ್ಟೆ, ಎರಡು ಟೋಪಿ, ಸುತ್ತುವ ಮೆತ್ತನೆ ಬಟ್ಟೆ, ನ್ಯೂಬಾರ್ನ್ ಡೈಪರ್ ಒಂದು ಪ್ಯಾಕೆಟ್. ಪ್ರತಿ ಕವರಿನ ಮೇಲೂ ದಪ್ಪಕ್ಷರದಲ್ಲಿ ಬರೆಯಿರಿ. ಜೊತೆಗಿರುವವರಿಗೂ ಒಂದು ಜೊತೆ ಬಟ್ಟೆ, ತಿನ್ನಲು ಏನಾದರೂ. ಅವರು ಹಸಿದು ಕಂಗಾಲಾಗಿದ್ದರೆ ನಿಮಗೇ ಕಷ್ಟ.

ಮಗುವಿಗೆ ಏನು ಕೊಳ್ಳಬೇಕು, ಏನು ಬೇಡ

ನನ್ನ ಕೇಳಿದರೆ, ಕಮ್ಮಿ ಕೊಳ್ಳಿ. ತೀರಾ ಪುಟ್ಟ ಸೈಜಿನ ಬಟ್ಟೆ ಆರೇಳು ಜೊತೆ ಸಾಕು, ಕೆಲವೇ ವಾರದಲ್ಲಿ ಬಿಗಿಯಾಗುತ್ತವೆ. ಡೈಪರೂ ಹಾಗೇ, ಮಗು ಎಷ್ಟು ತೂಕ ಹುಟ್ಟುತ್ತದೋ ನೋಡಿ ಆಮೇಲೆ ಜಾಸ್ತಿ ತರಿಸಿ. ಹೊಸ ಬಟ್ಟೆಗಳನ್ನು ಒಂದು ಸಲ ಒಗೆದು ಒಣಗಿಸಿಟ್ಟುಕೊಳ್ಳಿ. ತಲೆ ಮೇಲಿಂದ ಎಳೆದು ಹಾಕುವಂಥವು ಬೇಡವೇ ಬೇಡ, ಕತ್ತು ನಿಲ್ಲದ ಕೂಸಿಗೆ ಮುಂದೆ ಕಟ್ಟುವಂಥದ್ದೇ ಸುಲಭ.

ದಿಂಬು, ತೊಟ್ಟಿಲ ಸುತ್ತ ಕಟ್ಟುವ ಮೆತ್ತೆ, ದಪ್ಪ ರಜಾಯಿ, ಗೊಂಬೆಗಳು, ಇವು ಅಂಗಡಿಯಲ್ಲಿ ಎಷ್ಟು ಮುದ್ದಾಗಿ ಕಂಡರೂ ಮಲಗುವ ಜಾಗದಲ್ಲಿ ಇರಕೂಡದು. ಮಗುವನ್ನು ಅಂಗಾತ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ, ನಿಮ್ಮ ಕೋಣೆಯಲ್ಲೇ ಆದರೆ ಅದರದ್ದೇ ಜಾಗದಲ್ಲಿ ಮಲಗಿಸಬೇಕು, ಮುಖದ ಹತ್ತಿರ ಏನೂ ಇರಬಾರದು. ಸೋಫಾದ ಮೇಲೆ ಮಗುವನ್ನು ಎದೆಗೊರಗಿಸಿಕೊಂಡು ನೀವು ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯ. ಸುಸ್ತಾದಾಗ ಅದು ಗೊತ್ತಾಗದೇ ಆಗಿಬಿಡುತ್ತದೆ, ಅದಕ್ಕೆ ರಾತ್ರಿ ಹಾಲು ಕುಡಿಸುವ ಜಾಗ ಯಾವುದು ಅಂತ ಮೊದಲೇ ಯೋಚಿಸಿಟ್ಟುಕೊಳ್ಳಿ. ಕಾರಿದ್ದರೆ ಹಿಂದಕ್ಕೆ ಮುಖ ಮಾಡಿ ಕೂರಿಸುವ ಸೀಟು ತಂದು, ಹೆರಿಗೆಗೆ ಮೊದಲೇ ಒಮ್ಮೆ ಕಟ್ಟಿ ನೋಡಿ. ಆಸ್ಪತ್ರೆ ಮುಂದೆ ನಿಂತು ಅದರ ಪುಸ್ತಕ ಓದುವ ಸ್ಥಿತಿಯಲ್ಲಿ ನೀವಿಬ್ಬರೂ ಇರುವುದಿಲ್ಲ.

ನೋವು ನಿಜವಾದದ್ದಾ?

ಕೊನೆಯ ವಾರಗಳಲ್ಲಿ ಹೊಟ್ಟೆ ಗಟ್ಟಿಯಾಗಿ ಸಡಿಲವಾಗುವುದು ಮಾಮೂಲು. ಎದ್ದು ಓಡಾಡಿದರೆ, ನೀರು ಕುಡಿದರೆ, ಮಗ್ಗುಲು ಬದಲಿಸಿದರೆ ನಿಂತುಹೋದರೆ ಅದು ಸುಳ್ಳು ನೋವು. ನಿಜವಾದದ್ದು ಏನು ಮಾಡಿದರೂ ಬಿಡುವುದಿಲ್ಲ. ಬರಬರುತ್ತ ಹತ್ತಿರವಾಗುತ್ತದೆ, ಜೋರಾಗುತ್ತದೆ, ನೋವು ಬಂದ ಹೊತ್ತಲ್ಲಿ ಮಾತಾಡಲು ಹೋದರೆ ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಒಂದು ನೋವು ಶುರುವಾದಾಗಿನಿಂದ ಮುಂದಿನದು ಶುರುವಾಗುವವರೆಗಿನ ಹೊತ್ತನ್ನು ಜೊತೆಯಲ್ಲಿದ್ದವರು ಬರೆದುಕೊಳ್ಳಲಿ. ಐದು ನಿಮಿಷಕ್ಕೊಂದು, ಪ್ರತಿಯೊಂದೂ ಸುಮಾರು ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದರೆ ಹೊರಡಿ ಅನ್ನುವುದು ಚೊಚ್ಚಲಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ. ಆಸ್ಪತ್ರೆ ದೂರವಿದ್ದರೆ, ಎರಡನೇ ಹೆರಿಗೆಯಾದರೆ, ಅದಕ್ಕಿಂತ ಬೇಗ ಹೊರಡಬೇಕು. ನನ್ನ ಎರಡನೆಯವನು ಆ ಲೆಕ್ಕಕ್ಕೆಲ್ಲ ಕಾಯಲಿಲ್ಲ.

ನೀರು ಹೋದರೆ ನೋವು ಇಲ್ಲದಿದ್ದರೂ ಫೋನ್ ಮಾಡಿ. ಪ್ಯಾಡ್ ಇಟ್ಟುಕೊಂಡು ಬಣ್ಣ ನೋಡಿ. ತಿಳಿಯಾಗಿದ್ದರೆ ಅವರು ಹೇಳಿದ ಹಾಗೆ ಮಾಡಿ, ಹಸಿರು, ಕಂದು ಅಥವಾ ರಕ್ತದ ಬಣ್ಣವಿದ್ದರೆ ಹಾಗೇ ಎದ್ದು ಹೊರಡಿ.

ಮಗು ಬಂದ ಮೇಲಿನ ಮೊದಲ ದಿನಗಳು

ಹಾಲು ಸಾಲುತ್ತಿದೆಯಾ ಅನ್ನುವ ಚಿಂತೆ ಮಿಕ್ಕ ಚಿಂತೆಗಳನ್ನೆಲ್ಲ ನುಂಗಿಹಾಕುತ್ತದೆ. ಎಷ್ಟು ಕುಡಿಯಿತು ಅಂತ ಕಾಣುವುದಿಲ್ಲವಲ್ಲ, ಅದಕ್ಕೇ ಡೈಪರ್ ನೋಡಿ. ಮೊದಲ ದಿನ ಒಂದು ಸಲ ಉಚ್ಚೆ ಹೊಯ್ದರೂ ಸರಿ, ಎರಡನೇ ದಿನ ಎರಡು, ಹೀಗೆ ಏರುತ್ತ ಐದನೇ ದಿನದ ಮೇಲೆ ಆರು ಅಥವಾ ಜಾಸ್ತಿ ಆಗಬೇಕು. ಮೊದಲ ಎರಡು ದಿನದ ಕಕ್ಕ ಟಾರಿನ ಹಾಗೆ ಕಪ್ಪಗೆ ಅಂಟಂಟು, ಆಮೇಲೆ ಹಸಿರು, ಆಮೇಲೆ ಹಳದಿ. ದಿನಕ್ಕೆ 8ರಿಂದ 12 ಸಲ ಕುಡಿಯುವುದು ಸಹಜ, ಅಂದರೆ ಈಗ ತಾನೇ ಕುಡಿಸಿದೆ ಅನ್ನುವಷ್ಟರಲ್ಲಿ ಮತ್ತೆ ಬಾಯಿ ತೆರೆಯುತ್ತದೆ. ಮೊದಲ ವಾರ ತೂಕ ಸ್ವಲ್ಪ ಇಳಿಯುತ್ತದೆ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರುತ್ತದೆ. ಹೊಕ್ಕುಳಬಳ್ಳಿ ಒಂದೆರಡು ವಾರದಲ್ಲಿ ತಾನಾಗಿ ಉದುರುತ್ತದೆ, ಒಣಗಿಸಿಡಿ, ಏನೂ ಹಚ್ಚಬೇಡಿ, ಎಳೆಯಬೇಡಿ.

ಬಾಣಂತಿಯನ್ನು ನೋಡುವವರಿಗೂ ಒಂದು ಮಾತು. ರಕ್ತ ಹೋಗುವುದು ಆರು ವಾರದವರೆಗೂ ಇರಬಹುದು, ದಿನ ಕಳೆದ ಹಾಗೆ ಕಡಿಮೆಯಾಗಬೇಕು. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದರೆ ಅದು ತುರ್ತು. ಬಿಪಿ ತೊಂದರೆಯ ತಲೆನೋವು, ಮಿಂಚು ಹೆರಿಗೆಯಾದ ಮೇಲೂ ಬರಬಹುದು, ಹೆರಿಗೆ ಮುಗಿಯಿತಲ್ಲ ಅಂತ ಸುಮ್ಮನಿರಬೇಡಿ. ಮೂರ್ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದು ಹೆಚ್ಚಿನವರಿಗೆ ಆಗುತ್ತದೆ. ನಾನು ಹಾಲು ಚೆಲ್ಲಿತು ಅಂತ ಅರ್ಧ ಗಂಟೆ ಅತ್ತಿದ್ದೆ. ಅದು ಎರಡು ವಾರ ದಾಟಿದರೆ, ಮಗು ಮಲಗಿದಾಗಲೂ ನಿದ್ದೆ ಬರದಿದ್ದರೆ, ಯಾವುದೂ ಬೇಡ ಅನಿಸತೊಡಗಿದರೆ, ಅದನ್ನೂ ಡಾಕ್ಟರ್ ಹತ್ತಿರ ಬಾಯಿಬಿಟ್ಟು ಹೇಳಬೇಕು, ಅದಕ್ಕೆ ಚಿಕಿತ್ಸೆ ಇದೆ. ತನಗೋ ಮಗುವಿಗೋ ಏನಾದರೂ ಮಾಡಿಕೊಂಡುಬಿಡುತ್ತೇನೆ ಅನ್ನುವ ಯೋಚನೆ ಬಂದರೆ ಎರಡು ವಾರ ಎಣಿಸಬೇಡಿ, ಆ ಕ್ಷಣವೇ ಯಾರನ್ನಾದರೂ ಎಬ್ಬಿಸಿ.

ಫ್ರಿಜ್ ಮೇಲಿನ ಚೀಟಿಯನ್ನು ಆಗ ಕಿತ್ತು ಹಾಕಬೇಡಿ. ಅದರ ಕೆಳಗೆ ಮಗುವಿನ ಡಾಕ್ಟರ್ ನಂಬರ್ ಸೇರಿಸಿ, ಪಕ್ಕದಲ್ಲೇ ಬರೆಯಿರಿ: ಮೂರು ತಿಂಗಳೊಳಗಿನ ಕೂಸಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಹಾಲು ಕುಡಿಯಲು ಏಳದೆ ಮಂಕಾಗಿದ್ದರೆ, ಉಸಿರಾಡಲು ಕಷ್ಟಪಡುತ್ತಿದ್ದರೆ, ಹುಟ್ಟಿದ 24 ಗಂಟೆಯೊಳಗೇ ಮೈ ಹಳದಿಯಾದರೆ, ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಫೋನ್. ನಮ್ಮ ಮನೆಯ ಚೀಟಿ ಹಳದಿಗಟ್ಟಿ, ಒಂದು ಮೂಲೆ ಹರಿದು, ಇನ್ನೂ ಅಲ್ಲೇ ಅಂಟಿಕೊಂಡಿದೆ.